ಪತಂಗದ ಮೊಟ್ಟೆಯಲ್ಲಿ ಬೆಳೆಯುವ ಕಣಜ: ಅದರ ಗುರುತು ಹಿಡಿಯುವುದು ಹೇಗೆ?

ಶಿರಸಿ ತಾಲೂಕಿನ ವಾನಳ್ಳಿಯ ಕಡೆ ಮಳೆಗಾಲದಲ್ಲಿ ಹೋದವರ ಕಣ್ಣಿಗೆ ಮೊದಲು ಬೀಳುವುದು ಕಣಿವೆಯ ತಳದ ಅಡಿಕೆ ತೋಟಗಳು. ಅವುಗಳ ಮಗ್ಗುಲಲ್ಲಿ ಸೊಪ್ಪಿನ ಬೆಟ್ಟ. ಅಲ್ಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬತ್ತದ ಗದ್ದೆಗಳು. ಅಂಥದೊಂದು ಗದ್ದೆಯ ಬದುವಿನ ಮೇಲೆ ನಾವು ನಿಂತಿದ್ದಾಗ ಹಿರಿಯ ಕೃಷಿಕರೊಬ್ಬರು ನಾಟಿಯಾದ ಸಸಿಯ ಎಲೆಯ ತುದಿಯನ್ನು ಚಿವುಟಿ ನಮ್ಮ ಕೈಯಲ್ಲಿಟ್ಟರು. ಎಲೆಯ ಮೇಲೆ ಕಂದುಬಣ್ಣದ ನವಿರಾದ ರೋಮಗಳಿಂದ ಮುಚ್ಚಿದ ಸಣ್ಣದೊಂದು ಗುಪ್ಪೆ ಅಂಟಿಕೊಂಡಿತ್ತು. "ಮಾಸ್ತರೇ, ಇದು ಕಾಂಡ ಕೊರೆಯುವ ಹುಳದ ಮೊಟ್ಟೆ. ಕಿತ್ತು ಸುಡಬೇಕೆಂದು ಕೆಲವರು ಹೇಳುತ್ತಾರೆ. ಅದರೊಳಗೆ ನಮಗೆ ಉಪಕಾರ ಮಾಡುವ ಹುಳವೂ ಇರುತ್ತದೆ, ಸುಡಬೇಡಿರೆಂದು ಇನ್ನು ಕೆಲವರು ಹೇಳುತ್ತಾರೆ. ಏನು ಮಾಡಲಿ, ಸುಡಲೋ ಬಿಡಲೋ?" ಎಂದು ಅವರು ಕೇಳಿದರು.

ಪ್ರಶ್ನೆ ಎರಡು ಮಾತಿನದು; ಆದರೆ ಅದಕ್ಕೆ ಉತ್ತರ ಹೇಳಬೇಕಾದರೆ ಆ ಗುಪ್ಪೆಯೊಳಗೆ ಇರುವವರು ಯಾರು ಎಂಬುದನ್ನು ಮೊದಲು ತಿಳಿಯಬೇಕು. ಅದನ್ನು ತಿಳಿಯುವ ಬಗೆಯೇ ಈ ಲೇಖನದ ವಿಷಯ.

ಗುಪ್ಪೆಯ ಒಡತಿ

ಈ ಮೊಟ್ಟೆಗಳನ್ನಿಟ್ಟದ್ದು ಬತ್ತದ ಹಳದಿ ಕಾಂಡಕೊರಕವೆಂಬ ಪತಂಗ. ಶಾಸ್ತ್ರೀಯವಾಗಿ ಇದರ ಹೆಸರು ಸ್ಕಿರ್ಪೊಫಾಗ ಇನ್ಸರ್ಟುಲಾಸ್. ಹೆಣ್ಣಿನ ಮುಂದಿನ ರೆಕ್ಕೆಗಳು ಹಳದಿ. ಒಂದೊಂದರ ನಡುವೆಯೂ ಒಂದೊಂದು ಕರಿಯ ಚುಕ್ಕೆ. ಇದು ರಾತ್ರಿ ಹೊತ್ತಿನಲ್ಲಿ ಎಲೆಯ ತುದಿಯ ಬಳಿ ಹಲವು ಹತ್ತು ಮೊಟ್ಟೆಗಳನ್ನು ಒತ್ತೊತ್ತಾಗಿ ಇಟ್ಟು, ತನ್ನ ಹೊಟ್ಟೆಯ ತುದಿಯ ಕುಚ್ಚಿನಿಂದ ಉದುರುವ ರೋಮಗಳನ್ನು ಅವುಗಳ ಮೇಲೆ ಹೊದಿಸುತ್ತದೆ. ಒಂದು ವಾರದೊಳಗಾಗಿ ಮರಿಹುಳುಗಳು ಹೊರಬಂದು ಕಾಂಡವನ್ನು ಕೊರೆದು ಒಳಗೆ ಸೇರುತ್ತವೆ. ಎಳೆಯ ಸಸಿಯಾದರೆ ನಡುವಿನ ಸುಳಿ ಒಣಗುತ್ತದೆ. ತೆನೆಗಟ್ಟುವ ಕಾಲವಾದರೆ ತೆನೆ ಕಾಳಿಲ್ಲದೆ ಬಿಳಿಚಿ ನೆಟ್ಟಗೆ ನಿಲ್ಲುತ್ತದೆ. ಹುಳು ಕಾಂಡದೊಳಗೆ ಹೊಕ್ಕ ಮೇಲೆ ಅದನ್ನು ಮುಟ್ಟುವುದು ಔಷಧಕ್ಕೂ ಕಷ್ಟವೆ. ಆದುದರಿಂದ ಮೊಟ್ಟೆಯ ಸ್ಥಿತಿಯಲ್ಲಿಯೇ ಇದನ್ನು ತಡೆಯಬಲ್ಲ ಶತ್ರು ಯಾವುದಾದರೂ ಇದ್ದರೆ ಅದರ ಬೆಲೆ ಬಹಳ ದೊಡ್ಡದು. ಅಂಥ ಶತ್ರುಗಳು ಇರುವುದುಂಟು. ಅವು ಅತಿ ಸಣ್ಣ ಕಣಜಗಳು.

ಕಣಜವೆಂದೊಡನೆ ವಾಚಕರು ಮಾಡಿನ ಕೆಳಗೆ ಗೂಡು ಕಟ್ಟಿ ಕುಟುಕುವ ಕಡಜವನ್ನು ನೆನೆಯಬಹುದು. ನಾವು ಹೇಳುವ ಕಣಜ ಯಾರನ್ನೂ ಕುಟುಕುವುದಿಲ್ಲ. ಇದರ ಹೆಣ್ಣು ಪತಂಗದ ಮೊಟ್ಟೆಯನ್ನು ಹುಡುಕಿ, ತನ್ನ ಸೂಜಿಯಂಥ ಅಂಗದಿಂದ ಅದನ್ನು ಚುಚ್ಚಿ, ಒಳಗೆ ತನ್ನ ಮೊಟ್ಟೆಯನ್ನಿಡುತ್ತದೆ. ಅದರಿಂದ ಹುಟ್ಟುವ ಮರಿ ಪತಂಗದ ಮೊಟ್ಟೆಯ ಸಾರವನ್ನೇ ಉಂಡು ಬೆಳೆದು, ಚಿಪ್ಪನ್ನು ಕಡಿದು ಹೊರಬರುತ್ತದೆ. ಹೇನು, ಉಣ್ಣಿಗಳಂಥ ಪರೋಪಜೀವಿಗಳು ಆಶ್ರಯ ಕೊಟ್ಟ ಪ್ರಾಣಿಯನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಇದಾದರೋ ತನ್ನ ಬೆಳವಣಿಗೆಯ ಕೊನೆಯಲ್ಲಿ ಆಶ್ರಯದಾತನನ್ನು ಕೊಂದೇ ತೀರುತ್ತದೆ. ರೈತನಿಗೆ ಲಾಭವಾಗುವುದು ಈ ಕ್ರೌರ್ಯದಿಂದಲೇ.

ಭೂತಕನ್ನಡಿಯ ಮೊದಲ ಪಾಠ

ರೋಮದ ಹೊದಿಕೆ ಇರುವುದರಿಂದ ಗುಪ್ಪೆಯನ್ನು ಹೊರಗಿನಿಂದ ನೋಡಿದರೆ ಯಾವ ಮೊಟ್ಟೆಗೆ ಕಣಜ ತಗುಲಿದೆ, ಯಾವುದಕ್ಕೆ ಇಲ್ಲವೆಂದು ತಿಳಿಯದು. ಎಲೆಯ ತುಂಡಿನೊಡನೆ ಅದನ್ನು ಗಾಜಿನ ನಳಿಗೆಯಲ್ಲಿಟ್ಟು, ಬಾಯಿಗೆ ಹತ್ತಿಯನ್ನು ಬಿಗಿಯಾಗಿ ತುರುಕಿ, ನೆರಳಿನಲ್ಲಿರಿಸಿ ಕಾಯುವುದೊಂದೇ ಸುಲಭವಾದ ದಾರಿ. ಕೆಲವು ದಿನಗಳಲ್ಲಿ ಕಣಜ ತಗುಲದ ಮೊಟ್ಟೆಗಳಿಂದ ಕರಿತಲೆಯ ಸಣ್ಣ ಹುಳುಗಳು ಬರುತ್ತವೆ. ಅದಾದ ಮೇಲೆ, ಸಾಮಾನ್ಯವಾಗಿ ಎಂಟರಿಂದ ಹದಿನಾಲ್ಕು ದಿನಗಳೊಳಗೆ, ಉಳಿದ ಮೊಟ್ಟೆಗಳಿಂದ ಕಣಜಗಳು ಹೊರಡುತ್ತವೆ. ಧೂಳಿನ ಕಣಗಳು ನಡೆಯತೊಡಗಿದಂತೆ ಅವು ಕಾಣುತ್ತವೆ. ಅವನ್ನು ಮದ್ಯಸಾರದಲ್ಲಿ ಅದ್ದಿ ತೆಗೆದು, ಬಲವಾದ ಭೂತಕನ್ನಡಿಯಿಂದ, ಸಾಧ್ಯವಾದರೆ ಸೂಕ್ಷ್ಮದರ್ಶಕದಿಂದ ನೋಡಬೇಕು.

ಈ ಪತಂಗದ ಗುಪ್ಪೆಯಿಂದ ನಮ್ಮ ನಾಡಿನಲ್ಲಿ ಮುಖ್ಯವಾಗಿ ಮೂರು ಬಗೆಯ ಕಣಜಗಳು ಬರುತ್ತವೆ. ಅವನ್ನು ಬೇರ್ಪಡಿಸಲು ಅವುಗಳ ಪಾದಗಳನ್ನು ಎಣಿಸಿದರೆ ಸಾಕು. ಕೀಟದ ಕಾಲಿನ ತುದಿಯ ಭಾಗವು ಸರಪಳಿಯ ಕೊಂಡಿಗಳಂತೆ ಸಣ್ಣ ಸಣ್ಣ ಗೆಣ್ಣುಗಳಿಂದ ಆಗಿದೆ. ಪಾದದಲ್ಲಿ ಐದು ಗೆಣ್ಣುಗಳಿದ್ದು, ಮೈ ಮಿರುಗುವ ಕಪ್ಪಾಗಿದ್ದರೆ ಅದು ಟೆಲಿನೋಮಸ್. ನಾಲ್ಕು ಗೆಣ್ಣುಗಳಿದ್ದು, ಮೈಗೆ ಲೋಹದಂತೆ ಹಸಿರು ಇಲ್ಲವೆ ನೀಲಿಯ ಹೊಳಪಿದ್ದರೆ ಅದು ಟೆಟ್ರಾಸ್ಟಿಕಸ್. ಮೂರೇ ಗೆಣ್ಣುಗಳಿದ್ದು, ದೇಹ ಮಿಲಿಮೀಟರಿನ ಅರ್ಧದಷ್ಟು ಮಾತ್ರವಿದ್ದು, ರೆಕ್ಕೆಯ ಮೇಲಿನ ನವಿರಾದ ರೋಮಗಳು ಸಾಲುಸಾಲಾಗಿ ನೆಟ್ಟಂತೆ ಕಂಡರೆ ಅದು ಟ್ರೈಕೊಗ್ರಾಮ.

ಈ ಮೂರರ ನಡತೆಯೂ ಬೇರೆ ಬೇರೆ. ಟೆಲಿನೋಮಸ್‌ನ ಒಂದು ಪ್ರಭೇದದ ಹೆಣ್ಣು ಪತಂಗದ ಹೊಟ್ಟೆಯ ಕುಚ್ಚಿನಲ್ಲಿಯೇ ಅಂಟಿ ಕುಳಿತು ಪಯಣಿಸುತ್ತದೆ. ಪತಂಗವು ಮೊಟ್ಟೆಯಿಡುತ್ತಿರುವಾಗಲೇ, ರೋಮದ ಹೊದಿಕೆ ಬೀಳುವ ಮುಂಚೆಯೇ, ತನ್ನ ಕೆಲಸವನ್ನು ಮುಗಿಸುತ್ತದೆ. ಟೆಟ್ರಾಸ್ಟಿಕಸ್‌ಗೆ ಆ ಅವಸರವಿಲ್ಲ. ಅದರ ಚುಚ್ಚುವ ಅಂಗವು ಉದ್ದವಾಗಿದ್ದು ಹೊದಿಕೆಯನ್ನು ದಾಟಿ ಹೋಗಬಲ್ಲದು. ಅದರ ಮರಿಗೆ ಒಂದು ಮೊಟ್ಟೆ ಸಾಲದು. ಒಂದನ್ನು ಮುಗಿಸಿ ಮಗ್ಗುಲಿನದಕ್ಕೆ ದಾಟಿ, ಸುಮಾರು ಮೂರನ್ನು ತಿಂದು ಅದು ಬೆಳೆಯುತ್ತದೆ. ಟ್ರೈಕೊಗ್ರಾಮ ಮಾತ್ರ ಒಂದೇ ಮೊಟ್ಟೆಯೊಳಗೆ ತನ್ನ ಇಡೀ ಬಾಲ್ಯವನ್ನು ಕಳೆಯುತ್ತದೆ.

ಹೀಗೆ ಕುಲದವರೆಗೆ ಬರುವುದು ಕಷ್ಟವಲ್ಲ. ಕಷ್ಟವೆಲ್ಲವೂ ಇರುವುದು ಅದರ ಮುಂದಿನ ಮೆಟ್ಟಿಲಿನಲ್ಲಿ. ಟ್ರೈಕೊಗ್ರಾಮವೆಂಬ ಒಂದೇ ಕುಲದಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಭೇದಗಳನ್ನು ಜಗತ್ತಿನ ವಿಜ್ಞಾನಿಗಳು ವರ್ಣಿಸಿದ್ದಾರೆ. ನಮ್ಮ ನಳಿಗೆಯಲ್ಲಿ ಇರುವುದು ಅವುಗಳಲ್ಲಿ ಯಾವುದು?

ಬಣ್ಣವನ್ನು ನಂಬಿ ಕೆಟ್ಟ ಕಥೆ

ಬಹುಕಾಲ ವಿಜ್ಞಾನಿಗಳು ಈ ಕಣಜಗಳನ್ನು ಮೈಬಣ್ಣ, ಗಾತ್ರ, ರೆಕ್ಕೆಯ ಅಗಲ ಇವುಗಳಿಂದ ಗುರುತಿಸುತ್ತಿದ್ದರು. ಹಳದಿಯಾದರೆ ಒಂದು ಹೆಸರು, ಕಂದಾದರೆ ಇನ್ನೊಂದು. ಆದರೆ ಒಂದೇ ತಾಯಿಯ ಮಕ್ಕಳನ್ನು ಎರಡು ಭಾಗ ಮಾಡಿ, ಒಂದು ಭಾಗವನ್ನು ಬೆಚ್ಚಗೂ ಇನ್ನೊಂದನ್ನು ತಣ್ಣಗೂ ಇಟ್ಟು ಸಾಕಿದರೆ, ಬೆಚ್ಚಗಿದ್ದವು ಹಳದಿಯಾಗಿಯೂ ತಣ್ಣಗಿದ್ದವು ಕಪ್ಪಾಗಿಯೂ ಹೊರಬರುವುದುಂಟು. ಅಂದಮೇಲೆ ಬಣ್ಣವು ಹೇಳುತ್ತಿದ್ದದ್ದು ಕಣಜದ ಕುಲಗೋತ್ರವನ್ನಲ್ಲ, ಅದು ಬೆಳೆದ ಕೋಣೆಯ ಉಷ್ಣತೆಯನ್ನು! ಉಷ್ಣಮಾಪಕವನ್ನು ನೋಡಿ ಅದು ಯಾವ ಕಂಪನಿಯದೆಂದು ಊಹಿಸಿದಂತಾಯಿತು.

ಗಾತ್ರದ ಕಥೆಯೂ ಹಾಗೆಯೇ. ದೊಡ್ಡ ಮೊಟ್ಟೆಯಲ್ಲಿ ಒಂಟಿಯಾಗಿ ಬೆಳೆದದ್ದು ದೊಡ್ಡದು. ಸಣ್ಣ ಮೊಟ್ಟೆಯಲ್ಲಿ ಹಂಚಿಕೊಂಡು ಬೆಳೆದದ್ದು ಸಣ್ಣದು. ಕೇಂಬ್ರಿಜ್ಜಿನ ಜಾರ್ಜ್ ಸಾಲ್ಟ್ ಎಂಬವರು ೧೯೩೭ರಲ್ಲಿ ಇದಕ್ಕಿಂತಲೂ ವಿಚಿತ್ರವಾದ ಸಂಗತಿಯನ್ನು ಪ್ರಕಟಿಸಿದರು. ನೀರಿನ ದಡದಲ್ಲಿ ವಾಸಿಸುವ ಸಿಯಾಲಿಸ್ ಎಂಬ ಕೀಟದ ಮೊಟ್ಟೆಗಳಲ್ಲಿ ಬೆಳೆದಾಗ ಒಂದು ಟ್ರೈಕೊಗ್ರಾಮದ ಗಂಡುಗಳಿಗೆ ರೆಕ್ಕೆಯೇ ಇರುವುದಿಲ್ಲ. ಅದೇ ಪ್ರಭೇದವು ಪತಂಗದ ಮೊಟ್ಟೆಯಲ್ಲಿ ಬೆಳೆದರೆ ಗಂಡುಗಳಿಗೆ ಸೊಗಸಾದ ರೆಕ್ಕೆಗಳು ಬರುತ್ತವೆ. ಈ ಸಂಗತಿಯನ್ನರಿಯದವನ ಮುಂದೆ ಇವೆರಡನ್ನೂ ಇಟ್ಟರೆ ಅವು ಬೇರೆ ಬೇರೆ ಪ್ರಭೇದಗಳೆಂದು ಪ್ರಮಾಣ ಮಾಡಿ ಹೇಳಿಯಾನು. ಪರಿಸ್ಥಿತಿಯೊಡನೆ ಬದಲಾಗುವ ಗುಣವನ್ನು ಗುರುತಿಗೆ ಆಧಾರ ಮಾಡಿಕೊಳ್ಳಬಾರದೆಂಬುದು ಇದರಿಂದ ಕಲಿಯಬೇಕಾದ ನೀತಿ.

ಹೆಸರು ತಪ್ಪಿದರೆ ಏನಾಯಿತು ಎಂದು ಯಾರಾದರೂ ಕೇಳಬಹುದು. ೧೯೩೦ರ ದಶಕದಲ್ಲಿಯೇ ಹಳೆಯ ಮೈಸೂರು ಸಂಸ್ಥಾನದಲ್ಲಿ ಕಬ್ಬಿನ ಕೊರಕಗಳ ವಿರುದ್ಧ ಬಿಡುವುದಕ್ಕಾಗಿ ಟ್ರೈಕೊಗ್ರಾಮವನ್ನು ಹೇರಳವಾಗಿ ಸಾಕುವ ಪ್ರಯೋಗಗಳು ನಡೆದಿದ್ದವು. ಈಗಲೂ ಪ್ರಯೋಗಶಾಲೆಗಳಲ್ಲಿ ಅಕ್ಕಿಯ ಪತಂಗದ ಮೊಟ್ಟೆಗಳ ಮೇಲೆ ಇವನ್ನು ಸಾಕುತ್ತಾರೆ. ಮೊಟ್ಟೆಗಳನ್ನು ರಟ್ಟಿನ ಕಾರ್ಡಿಗೆ ಅಂಟಿಸಿ, ಸುಮಾರು ಮುಕ್ಕಾಲು ಗಂಟೆ ನೇರಿಳಾತೀತ ಕಿರಣಗಳಿಗೆ ಒಡ್ಡುತ್ತಾರೆ. ಆ ಕಿರಣಗಳಿಂದ ಒಳಗಿನ ಪತಂಗದ ಭ್ರೂಣ ಸಾಯುತ್ತದೆ. ಆದರೆ ಕಣಜದ ಮರಿಗೆ ಬೇಕಾದ ಆಹಾರ ಕೆಡುವುದಿಲ್ಲ. ಕಣಜ ತಗುಲಿದ ಮೊಟ್ಟೆ ಮೂರು ನಾಲ್ಕು ದಿನಗಳಲ್ಲಿ ಕಪ್ಪಾಗುತ್ತದೆ. ಒಂದು ಕಾರ್ಡಿನ ಮೇಲೆ ಸುಮಾರು ೧೮,೦೦೦ರಿಂದ ೨೦,೦೦೦ ಮೊಟ್ಟೆಗಳಿರುತ್ತವೆ. ಅವು ಒಡೆಯುವ ಮುನ್ನ ಕಾರ್ಡನ್ನು ತುಂಡರಿಸಿ ಹೊಲದಲ್ಲಿ ಕಟ್ಟುತ್ತಾರೆ. ಬತ್ತದ ಕಾಂಡಕೊರಕಕ್ಕೆ ಟ್ರೈಕೊಗ್ರಾಮ ಜಪಾನಿಕಮ್, ಕಬ್ಬಿನ ಕೊರಕಗಳಿಗೂ ಬತ್ತದ ಎಲೆ ಸುರುಳಿ ಹುಳಕ್ಕೂ ಟ್ರೈಕೊಗ್ರಾಮ ಚಿಲೋನಿಸ್ ಎಂದು ಶಿಫಾರಸು ಇದೆ. ಪ್ರತಿಯೊಂದು ಪ್ರಭೇದಕ್ಕೂ ತನಗೆ ಒಗ್ಗಿದ ಬೆಳೆ, ಒಗ್ಗಿದ ಹವೆ, ಒಗ್ಗಿದ ಪತಂಗ ಉಂಟು. ಹೆಸರು ತಪ್ಪಿದ ಕಾರ್ಡನ್ನು ಕಟ್ಟಿದ ರೈತನಿಗೆ ಹಣವೂ ಹೋಯಿತು, ಕಾಲವೂ ಹೋಯಿತು; ಕಡೆಗೆ 'ಈ ಕಣಜದಿಂದ ಪ್ರಯೋಜನವಿಲ್ಲ' ಎಂಬ ತಪ್ಪು ತೀರ್ಮಾನವೂ ಉಳಿಯಿತು.

ಬೆಂಗಳೂರಿನಲ್ಲಿ ಬಿಡಿಸಿದ ಒಗಟು

ಈ ಗೊಂದಲವನ್ನು ಬಿಡಿಸುವ ಕೆಲಸದ ಬಹುಮುಖ್ಯ ಭಾಗ ನಡೆದದ್ದು ನಮ್ಮ ಕರ್ನಾಟಕದಲ್ಲಿಯೇ ಎಂಬುದು ಹೆಮ್ಮೆಯ ವಿಷಯ. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರವು ೧೯೫೭ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅಲ್ಲಿ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಎಂಬ ವಿಜ್ಞಾನಿಗಳು ಟ್ರೈಕೊಗ್ರಾಮಗಳ ಅಧ್ಯಯನವನ್ನು ಕೈಗೊಂಡರು. ಆಗ ಭಾರತದಲ್ಲಿ ಸಾಮಾನ್ಯವಾಗಿ ಸಿಗುವ ಕಣಜವನ್ನು ಕೆಲವರು ಅಮೆರಿಕದ ಮಿನ್ಯೂಟಮ್ ಎಂದೂ, ಕೆಲವರು ಯೂರೋಪಿನ ಇವಾನೆಸೆನ್ಸ್ ಎಂದೂ, ಕೆಲವರು ಆಸ್ಟ್ರೇಲಿಯದ ಆಸ್ಟ್ರಾಲಿಕಮ್ ಎಂದೂ ಕರೆಯುತ್ತಿದ್ದರು. ಇವು ಮೂರು ಪ್ರಭೇದಗಳೋ, ಒಂದರದೇ ಮೂರು ವೇಷಗಳೋ?

ನೋಟ ಮೋಸ ಮಾಡುವುದಾದರೆ ಸಂತಾನವನ್ನೇ ಕೇಳಬೇಕು. ೧೯೬೮ರಲ್ಲಿ ಅವರು ಈ ಮೂರರ ನಡುವೆ ನಡೆಸಿದ ಸಂಕರ ಪ್ರಯೋಗಗಳನ್ನು ಪ್ರಕಟಿಸಿದರು. ಈ ಪ್ರಯೋಗದ ತರ್ಕ ಸೊಗಸಾಗಿದೆ. ಇರುವೆ, ಜೇನು, ಕಣಜಗಳ ವರ್ಗದಲ್ಲಿ ಒಂದು ವಿಶೇಷ ನಿಯಮವುಂಟು: ಗಂಡಿನ ರೇತಸ್ಸು ಕೂಡಿದ ಮೊಟ್ಟೆಯಿಂದ ಹೆಣ್ಣು ಹುಟ್ಟುತ್ತದೆ, ಕೂಡದ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ. ಎಂದರೆ ಮಗನಿಗೆ ತಂದೆಯೇ ಇಲ್ಲ! ಆದುದರಿಂದ ಒಂದು ಬಗೆಯ ಹೆಣ್ಣನ್ನು ಇನ್ನೊಂದು ಬಗೆಯ ಗಂಡಿನೊಡನೆ ಇಟ್ಟಾಗ ಮಕ್ಕಳು ಹುಟ್ಟಿದವೆಂಬುದರಿಂದ ಏನೂ ಸಿದ್ಧವಾಗದು. ಗಂಡಿನ ನೆರವಿಲ್ಲದೆಯೂ ಗಂಡುಮಕ್ಕಳು ಹುಟ್ಟುತ್ತಿದ್ದವು. ನೋಡಬೇಕಾದದ್ದು ಹೆಣ್ಣುಮಕ್ಕಳನ್ನು. ಹೆಣ್ಣುಮಕ್ಕಳು ಹುಟ್ಟಿ, ಅವು ಮತ್ತೆ ಸಂತಾನವನ್ನು ಬೆಳೆಸಿದರೆ ಎರಡೂ ಒಂದೇ ಪ್ರಭೇದ. ಸ್ವಜಾತಿಯ ಗಂಡಿನೊಡನೆ ಕೂಡಿದಾಗ ಹೆಣ್ಣುಮಕ್ಕಳು ಧಾರಾಳವಾಗಿ ಹುಟ್ಟಿ, ಪರಕೀಯ ಗಂಡಿನೊಡನೆ ಇಟ್ಟಾಗ ಬರಿಯ ಗಂಡುಮಕ್ಕಳೇ ಹುಟ್ಟಿದರೆ, ಇಬ್ಬರ ನಡುವೆ ಪ್ರಕೃತಿಯೇ ಗೋಡೆ ಕಟ್ಟಿದೆಯೆಂದು ತಿಳಿಯಬೇಕು. ಈ ಪರೀಕ್ಷೆಯಿಂದ ಮೂರೂ ಬೇರೆ ಬೇರೆ ಪ್ರಭೇದಗಳೆಂದು ತಿಳಿಯಿತು.

ಆದರೆ ಹೊಲದಿಂದ ತಂದ ಪ್ರತಿಯೊಂದು ಕಣಜಕ್ಕೂ ಮದುವೆ ಮಾಡಿಸಿ ನೋಡುವುದು ಸಾಧ್ಯವೆ? ಕಣ್ಣಿಗೆ ಕಾಣುವ, ಆದರೆ ಉಷ್ಣತೆ ಆಹಾರಗಳಿಗೆ ಬಗ್ಗದ ಗುರುತೊಂದು ಬೇಕಾಗಿತ್ತು. ೧೯೭೧ರಲ್ಲಿ ಅವರೇ ಅದನ್ನು ತೋರಿಸಿಕೊಟ್ಟರು. ಆ ಗುರುತು ಗಂಡಿನ ಜನನಾಂಗದ ರಚನೆ. ಪ್ರಭೇದದಿಂದ ಪ್ರಭೇದಕ್ಕೆ ಅದರ ಆಕಾರ ಸ್ಪಷ್ಟವಾಗಿ ಬೇರೆಯಾಗಿದೆ. ನಮ್ಮಲ್ಲಿ ಸಾಮಾನ್ಯವಾದ ಕಣಜದಲ್ಲಿ ಆ ಅಂಗದ ಬೆನ್ನಿನ ಕಡೆಯ ತಗಡು ತ್ರಿಕೋನಾಕಾರವಾಗಿದ್ದು, ಎರಡು ಪಕ್ಕಗಳಲ್ಲಿಯೂ ದುಂಡನೆಯ ಭುಜಗಳಿವೆ.

ಈ ಅಂಗ ಇರುವುದು ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಒಳ್ಳೆಯ ಸೂಕ್ಷ್ಮದರ್ಶಕವು ಮಿಲಿಮೀಟರಿನ ಐದು ಸಾವಿರದ ಒಂದು ಭಾಗದಷ್ಟು ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆಯಾಗಿ ತೋರಿಸಬಲ್ಲದು. ಆದುದರಿಂದ ಕೊರತೆ ಇದ್ದುದು ಉಪಕರಣದ್ದಲ್ಲ, ವಸ್ತುವನ್ನು ಸಿದ್ಧಪಡಿಸುವ ಕ್ರಮದ್ದು. ಒಣಗಿಸಿ ರಟ್ಟಿಗೆ ಅಂಟಿಸಿದ ಕಣಜ ಮುದುಡಿಹೋಗುತ್ತದೆ, ಒಳಗಿನದೇನೂ ಕಾಣದು. ಅದನ್ನು ಮೊದಲು ಕಾಸ್ಟಿಕ್ ಪೊಟ್ಯಾಷಿನ ದ್ರಾವಣದಲ್ಲಿಟ್ಟು ಮಾಂಸವನ್ನು ಕರಗಿಸಿ, ಉಳಿದ ಕವಚವನ್ನು ಗಾಜಿನ ಪಟ್ಟಿಯ ಮೇಲೆ ಕೆನಡ ಬಾಲ್ಸಮ್ ಎಂಬ ಅಂಟಿನಲ್ಲಿ ಹುದುಗಿಸಬೇಕು. ಕಾಗದದ ಮೇಲೆ ಎಣ್ಣೆ ಬಿದ್ದರೆ ಆ ಜಾಗ ಬೆಳಕನ್ನು ಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಕಾಗದದ ನಾರಿಗೂ ಗಾಳಿಗೂ ವಕ್ರೀಭವನಾಂಕದಲ್ಲಿ ಬಹಳ ಅಂತರವಿರುವುದರಿಂದ ಬೆಳಕು ಚದರುತ್ತದೆ. ಗಾಳಿಯ ಜಾಗಕ್ಕೆ ಎಣ್ಣೆ ಬಂದರೆ ಅಂತರ ಕಡಿಮೆಯಾಗಿ ಬೆಳಕು ನೇರವಾಗಿ ದಾಟುತ್ತದೆ. ಇಲ್ಲಿಯೂ ಅಷ್ಟೆ. ಕೀಟದ ಕವಚದ ವಕ್ರೀಭವನಾಂಕ ಸುಮಾರು ೧.೫೬, ಬಾಲ್ಸಮಿನದು ಸುಮಾರು ೧.೫೩. ಎರಡೂ ಹತ್ತಿರವಿರುವುದರಿಂದ ಕವಚ ಪಾರದರ್ಶಕವಾಗುತ್ತದೆ. ಪೂರ್ತಿ ಸಮವಲ್ಲದಿರುವುದರಿಂದ ಅದರ ಗೆರೆಗಳು ಅಳಿಸಿಹೋಗದೆ ಉಳಿಯುತ್ತವೆ.

ಒಂದು ಕಣಜ, ಹಲವು ಹೆಸರು

ಇಷ್ಟಾದರೂ ಹೆಸರಿನ ಕಥೆ ಮುಗಿಯಲಿಲ್ಲ. ಬೆಂಗಳೂರಿನವರು ಆಸ್ಟ್ರಾಲಿಕಮ್ ಎಂದು ಭಾವಿಸಿದ ಭಾರತದ ಕಣಜವು ೧೯೧೨ರಲ್ಲಿ ಗಿರಾಲ್ಟ್ ಎಂಬವರು ಆಸ್ಟ್ರೇಲಿಯದಲ್ಲಿ ಆ ಹೆಸರನ್ನಿಟ್ಟ ಕಣಜವಲ್ಲವೆಂದು ಇಟಲಿಯ ವಿಜ್ಞಾನಿ ವಿಜ್ಜಾನಿ ೧೯೭೬ರಲ್ಲಿ ತೋರಿಸಿ, ಭಾರತದ್ದಕ್ಕೆ ಕನ್‌ಫ್ಯೂಸಮ್ ಎಂಬ ಹೊಸ ಹೆಸರನ್ನಿಟ್ಟರು. ಗೊಂದಲಕ್ಕೆ ಈಡಾದದ್ದು ಎಂದು ಆ ಹೆಸರಿನ ಅರ್ಥ! ಮೂರು ವರ್ಷಗಳ ಬಳಿಕ, ೧೯೭೯ರಲ್ಲಿ, ನಾಗರಕಟ್ಟಿ ಮತ್ತು ನಾಗರಾಜ ಅವರು ಇನ್ನೊಂದು ಸಂಗತಿಯನ್ನು ಹೊರತಂದರು: ಜಪಾನಿನ ಇಶೀ ಎಂಬವರು ೧೯೪೧ರಲ್ಲಿಯೇ ಚಿಲೋನಿಸ್ ಎಂದು ಹೆಸರಿಸಿದ್ದ ಕಣಜ ಇದೇ. ಒಂದು ಪ್ರಾಣಿಗೆ ಮೊದಲು ಕೊಟ್ಟ ಸಿಂಧುವಾದ ಹೆಸರೇ ನಿಲ್ಲಬೇಕೆಂಬುದು ನಾಮಕರಣದ ನಿಯಮವಾದುದರಿಂದ, ಅಂದಿನಿಂದ ಇದು ಟ್ರೈಕೊಗ್ರಾಮ ಚಿಲೋನಿಸ್. ತಾವು ಬಳಸಿದ್ದ ಹೆಸರನ್ನು ತಾವೇ ತಿದ್ದಿಕೊಳ್ಳಲು ಈ ವಿಜ್ಞಾನಿಗಳು ಹಿಂಜರಿಯಲಿಲ್ಲ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

ಇಲ್ಲಿ ಇನ್ನೊಂದು ಪಾಠವೂ ಇದೆ. ಹಳೆಯ ವರದಿಯೊಂದರಲ್ಲಿ ಮಿನ್ಯೂಟಮ್ ಎಂದು ಬರೆದಿದ್ದರೆ ಅಂದು ಹೊಲದಲ್ಲಿ ಬಿಟ್ಟ ಕಣಜ ನಿಜವಾಗಿ ಯಾವುದೆಂದು ಆ ಹೆಸರಿನಿಂದ ಹೇಳಲಾಗದು. ಅಂದಿನ ಕಣಜಗಳನ್ನು ಗಾಜಿನ ಪಟ್ಟಿಯ ಮೇಲೆ ಉಳಿಸಿಟ್ಟಿದ್ದರೆ ಇಂದು ಮರುಪರೀಕ್ಷೆ ಮಾಡಬಹುದು. ಹೆಸರು ಬದಲಾಗಬಹುದು, ಮಾದರಿ ಉಳಿದಿದ್ದರೆ ಸತ್ಯವೂ ಉಳಿದಿರುತ್ತದೆ.

ಗಂಡೇ ಇಲ್ಲದಿದ್ದರೆ?

ಗುರುತೆಲ್ಲವೂ ಗಂಡಿನಲ್ಲಿರುವಾಗ ಗಂಡೇ ಇಲ್ಲದ ತಳಿ ಸಿಕ್ಕಿದರೆ ಗತಿಯೇನು? ಅಂಥ ತಳಿಗಳೂ ಇವೆ. ಅವುಗಳಲ್ಲಿ ತಾಯಿ ಗಂಡಿನ ಸಂಪರ್ಕವಿಲ್ಲದೆ ಹೆಣ್ಣುಗಳನ್ನೇ ಹೆರುತ್ತದೆ. ಸ್ಟೌಟ್‌ಹ್ಯಾಮರ್ ಮತ್ತು ಅವರ ಸಂಗಡಿಗರು ೧೯೯೦ರಲ್ಲಿ ಇಂಥ ಕಣಜಗಳಿಗೆ ಆಹಾರದೊಡನೆ ಪ್ರತಿಜೈವಿಕ ಔಷಧವನ್ನು ಕೊಟ್ಟಾಗ ಗಂಡುಗಳು ಮತ್ತೆ ಹುಟ್ಟತೊಡಗಿದವು. ಕಣಜದ ಮೊಟ್ಟೆಯ ಮೂಲಕ ತಾಯಿಯಿಂದ ಮಗಳಿಗೆ ದಾಟುವ ವೋಲ್ಬಾಕಿಯ ಎಂಬ ಬ್ಯಾಕ್ಟೀರಿಯವೇ ಇದಕ್ಕೆ ಕಾರಣ. ಇದೇ ಬ್ಯಾಕ್ಟೀರಿಯ ಕೆಲವು ಕೀಟಗಳಲ್ಲಿ ಒಂದೇ ಪ್ರಭೇದದ ಎರಡು ತಳಿಗಳು ಕೂಡಿಬರದಂತೆಯೂ ಮಾಡುವುದುಂಟು. ಆದುದರಿಂದ ಸಂಕರ ಪರೀಕ್ಷೆಯ ಫಲವನ್ನು ಕೂಡ ಎಚ್ಚರಿಕೆಯಿಂದ ಓದಬೇಕು. ಈಗ ಡಿಎನ್‌ಎಯ ನಿರ್ದಿಷ್ಟ ಭಾಗವೊಂದರ ಅಕ್ಷರಕ್ರಮವನ್ನು ಹೋಲಿಸಿ ಒಂದೇ ಒಂದು ಹೆಣ್ಣಿನಿಂದಲೂ ಪ್ರಭೇದವನ್ನು ಹೇಳುವ ಕ್ರಮ ಬಳಕೆಗೆ ಬಂದಿದೆ. ಸಂಕರ, ರಚನೆ, ಡಿಎನ್‌ಎ ಈ ಮೂರು ಸಾಕ್ಷಿಗಳೂ ಒಂದೇ ಮಾತು ಹೇಳಿದಾಗ ಗುರುತು ಗಟ್ಟಿಯಾಯಿತೆನ್ನಬಹುದು.

ಇಂದು ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಈ ಕೆಲಸವನ್ನು ಮುಂದುವರಿಸುತ್ತಿದೆ. ಹಳ್ಳಿಯ ಗದ್ದೆಯಿಂದ ಮಾದರಿ ಕಳುಹಿಸುವವರು ಕಣಜಗಳನ್ನು ಮದ್ಯಸಾರದಲ್ಲಿಟ್ಟು, ಯಾವ ಊರು, ಯಾವ ತಾರೀಕು, ಯಾವ ಬೆಳೆ, ಯಾವ ಪತಂಗದ ಮೊಟ್ಟೆ ಎಂಬ ನಾಲ್ಕು ಸಂಗತಿಗಳನ್ನು ಸೀಸದ ಕಡ್ಡಿಯಿಂದ ಬರೆದು ಒಳಗೆ ಹಾಕಬೇಕು. ಶಾಯಿ ಮದ್ಯಸಾರದಲ್ಲಿ ಕರಗಿಹೋಗುತ್ತದೆ. ಈ ಚೀಟಿಯಿಲ್ಲದ ಕಣಜಕ್ಕೆ ಹೆಸರು ಸಿಕ್ಕೀತು, ಅರ್ಥ ಸಿಗಲಾರದು.

ಸುಡಲೋ, ಬಿಡಲೋ?

ವಾನಳ್ಳಿಯ ಹಿರಿಯರ ಪ್ರಶ್ನೆಗೆ ಈಗ ಮರಳಬಹುದು. ಗುಪ್ಪೆಯನ್ನು ಗದ್ದೆಯಲ್ಲಿಯೇ ಬಿಟ್ಟರೆ ಕಣಜ ತಗುಲದ ಮೊಟ್ಟೆಗಳಿಂದ ಹುಳುಗಳು ಹೊರಟು ಕಾಂಡ ಸೇರುತ್ತವೆ. ಸುಟ್ಟರೆ ಹುಳುಗಳೊಡನೆ ಕಣಜಗಳೂ ಬೂದಿಯಾಗುತ್ತವೆ. ಹುಳುಗಳು ಮೊದಲು, ಕಣಜಗಳು ಆಮೇಲೆ ಹೊರಬರುತ್ತವೆಂಬುದನ್ನು ನಮ್ಮ ನಳಿಗೆಯಲ್ಲಿ ಕಂಡೆವಷ್ಟೆ. ನಡುವಿನ ದಾರಿ ಆ ಅಂತರದಲ್ಲಿಯೇ ಇದೆ. ಕಿತ್ತ ಗುಪ್ಪೆಗಳನ್ನು ಅಗಲಬಾಯಿಯ ಗಾಜಿನ ಭರಣಿಯಲ್ಲಿ ಹಾಕಿ, ಒತ್ತಾದ ನೆಯ್ಗೆಯ ಬಟ್ಟೆಯನ್ನು ಎರಡು ಪದರ ಮಾಡಿ ಬಾಯಿಗೆ ಕಟ್ಟಿ, ಜಗುಲಿಯ ನೆರಳಿನಲ್ಲಿಡಬೇಕು. ಮೊದಲು ಬಂದ ಹುಳುಗಳು ಆಹಾರವಿಲ್ಲದೆ ಸಾಯುತ್ತವೆ. ಅನಂತರ ಕಣಜಗಳು ಹೊರಟು ಗಾಜಿನ ಬೆಳಕಿನ ಕಡೆಯ ಮೈಯಲ್ಲಿ ನಡೆದಾಡತೊಡಗಿದಾಗ, ಮಳೆಯಿಲ್ಲದ ಬೆಳಗ್ಗೆ, ಭರಣಿಯನ್ನು ಗದ್ದೆಯ ಬದುವಿಗೆ ಒಯ್ದು ಬಟ್ಟೆಯನ್ನು ಬಿಚ್ಚಿದರಾಯಿತು. ಆ ವೇಳೆಯಲ್ಲಿ ಗದ್ದೆಗೆ ಕೀಟನಾಶಕವನ್ನು ಸಿಂಪಡಿಸಿರಬಾರದು. ಅದು ಈ ಸಣ್ಣ ಜೀವವನ್ನು ಮೊದಲು ಕೊಲ್ಲುತ್ತದೆ.

ನಾವು ಇಷ್ಟನ್ನು ಹೇಳಿದಾಗ ಆ ಹಿರಿಯರು ಎಲೆಯ ತುದಿಯನ್ನು ನಮ್ಮಿಂದ ಮರಳಿ ಇಸಿದುಕೊಂಡು ಎಲೆಯಡಿಕೆಯ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡರು. ಬತ್ತ ತುಂಬುವ ಪಣತಕ್ಕೂ ನಮ್ಮ ನುಡಿಯಲ್ಲಿ ಕಣಜವೆಂದೇ ಹೆಸರು. ಆ ಕಣಜ ತುಂಬಬೇಕಾದರೆ ಈ ಕಣಜ ಬದುಕಬೇಕು. ಬದುಕಿಸಬೇಕಾದರೆ ಮೊದಲು ಅದರ ಗುರುತು ನಮಗೆ ಸಿಗಬೇಕು.